ಗಾಡಿಯ ಕಣ್ಣಿಗೆ ಬಿದ್ದ ಬಾಗಿದ ಬೆನ್ನು

ಬೆಳಗಿನ ಐದೂ ಮುಕ್ಕಾಲು. ಒಂದೂವರೆ ಕಿಲೋಮೀಟರ್ ಉದ್ದದ ಖಾಲಿ ಡಾಂಬರು ರಸ್ತೆಯ ಅಂಚಿನಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕುಳಿತು ಒಬ್ಬ ಗಂಡಸಿನ ಪ್ಯಾಂಟಿನ ಅಂಚು ಮಡಚುತ್ತಿದ್ದಾರೆ. ತುಟಿಗಳ ನಡುವೆ ಮೂರು ಗುಂಡುಪಿನ್ನು, ಕೊರಳಲ್ಲಿ ಇಳಿಬಿದ್ದ ಅಳತೆ ಟೇಪು. ಗಂಡಸು ಮಿಸುಕಾಡುವುದಿಲ್ಲ. ಅವನ ಮೈತುಂಬ ಇರುವುದು ಸ್ಪಂಜು, ತಲೆಯೊಳಗೂ ಸ್ಪಂಜೇ.

“ನಿನ್ನೆ ಅಂಚು ಉದ್ದ ಆಗಿತ್ತು, ಪಾದ ಮುಚ್ಚಿಹೋಗಿತ್ತು,” ಎಂದು ಅವರು ಪಿನ್ನು ತೆಗೆದು ಹೇಳುತ್ತಾರೆ. “ಪಾದ ಎತ್ತಿ ಇಡೋದು ಕಾಣದೇ ಇದ್ರೆ ಇವನು ನಡೀತಿದಾನೆ ಅಂತ ಗಾಡಿಗೆ ಹೇಗೆ ಗೊತ್ತಾಗ್ಬೇಕು? ಗೂಟ ಅಂದ್ಕೊಳ್ಳುತ್ತೆ.”

ಅಷ್ಟರಲ್ಲಿ ಬೇಲಿಯ ಮೇಲಿಂದ ಸೂರ್ಯ ಇಣುಕುತ್ತಾನೆ. ರಸ್ತೆಯ ಆ ತುದಿಯಲ್ಲಿ ಒಂದು ಬಸ್ಸು ಹೊರಡುತ್ತದೆ. ಚಾಲಕನ ಸೀಟಿನಲ್ಲಿ ಒಬ್ಬರು ಕುಳಿತಿದ್ದಾರೆ, ಆದರೆ ಅವರ ಎರಡೂ ಕೈ ಮಡಿಲಲ್ಲಿವೆ, ಕಾಲು ಬ್ರೇಕಿನಿಂದ ದೂರ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗ. ಹಗ್ಗ ಎಳೆದೊಡನೆ ಬೊಂಬೆ ಚಪ್ಪಟೆ ಗಾಡಿಯ ಮೇಲೆ ಕಾಲಾಡಿಸುತ್ತಾ ರಸ್ತೆಗೆ ಇಳಿಯುತ್ತದೆ. ಬಸ್ಸಿನ ಹಣೆಯಲ್ಲಿರುವ ಕ್ಯಾಮೆರಾ ಅದನ್ನು ತಾನಾಗಿ ನೋಡಬೇಕು, ಮನುಷ್ಯ ಎಂದು ಗುರುತಿಸಬೇಕು, ತಾನಾಗಿ ಬ್ರೇಕು ಹಾಕಬೇಕು. ಟೈರು ಕಿರುಗುಟ್ಟುತ್ತದೆ. ಬೊಂಬೆಗೂ ಬಸ್ಸಿಗೂ ನಡುವೆ ಎರಡು ಹೆಜ್ಜೆ ಜಾಗ ಉಳಿಯುತ್ತದೆ.

ಎಂಜಿನಿಯರುಗಳು ಬಸ್ಸಿನತ್ತ ಓಡುತ್ತಾರೆ. ಟೇಪಿನ ಹೆಂಗಸು ಮಾತ್ರ ಬೊಂಬೆಯತ್ತ ಹೋಗಿ ಕಾಲರು ಸರಿಮಾಡುತ್ತಾರೆ.

ವಾಹನಗಳಿಗೆ ಕಣ್ಣು ಕೊಡುವ ಈ ಸಂಶೋಧನಾ ಕೇಂದ್ರದಲ್ಲಿ ಅವರನ್ನು ಎಲ್ಲರೂ ಕರೆಯುವುದು ಟೈಲರಮ್ಮ ಎಂದೇ. ವಯಸ್ಸು ಐವತ್ತೇಳು. ಸೂಜಿ ಹಿಡಿದು ಮೂವತ್ತೆಂಟು ವರ್ಷ, ಇಲ್ಲಿಗೆ ಬಂದು ಹನ್ನೊಂದು. ಬೆಳಗಿನ ಪರೀಕ್ಷೆ ಇದ್ದ ದಿನ ನಾಲ್ಕೂವರೆಗೇ ಏಳುತ್ತಾರೆ. ಎದುರು ಬಿಸಿಲು ಕ್ಯಾಮೆರಾದ ಕಣ್ಣು ಕುಕ್ಕುವ ಆ ನಲವತ್ತು ನಿಮಿಷವೇ ಗಾಡಿಗಳಿಗೆ ಅತಿ ಕಷ್ಟದ ಹೊತ್ತು. ಆಮೇಲೆ ಸುಲಭ ಎಂದು ಯಾವ ಗಾಡಿಯೂ ಜಂಬ ಕೊಚ್ಚಿಕೊಳ್ಳಬಹುದು.

ಅವರ ಹೊಲಿಗೆ ಕೋಣೆ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗೆ. ಒಂದು ಕಿಟಕಿ, ಎರಡು ಮಿಷನ್ನು, ಗೋಡೆಗೆ ಒರಗಿ ನಿಂತ ಇಪ್ಪತ್ತಾರು ಬೊಂಬೆಗಳು. ಒಂದೊಂದಕ್ಕೂ ಅವರೇ ಇಟ್ಟ ಹೆಸರಿದೆ. ಬ್ಯಾಗು ಹಿಡಿದವನು ಆಫೀಸರು. ಸದಾ ಓಡುವ ಭಂಗಿಯಲ್ಲಿರುವವಳು ಅವಸರದಮ್ಮ. ಫೋನು ಕಿವಿಗಿಟ್ಟುಕೊಂಡವನು ಮಾತುಗಾರ. “ಇವನಿಗೇ ಜಾಸ್ತಿ ಏಟು. ನಿಜವಾದೋರಿಗೂ ಹಾಗೇ ತಾನೇ?” ಎನ್ನುತ್ತಾರೆ.

ಬೊಂಬೆಗೆ ಬಟ್ಟೆ ಹೊಲಿಯುವುದು ಹುಡುಗಾಟದ ಮಾತಲ್ಲ. ನಮ್ಮ ಕಣ್ಣಿಗೆ ಕಡುಗಪ್ಪಾಗಿ ಕಾಣುವ ಕೆಲವು ಬಟ್ಟೆಗಳು ಕ್ಯಾಮೆರಾದ ಇನ್ನೊಂದು ಬಗೆಯ ಬೆಳಕಿನಲ್ಲಿ ಸುಣ್ಣದಂತೆ ಬೆಳ್ಳಗೆ ಕಾಣುತ್ತವೆ. ಯಾವ ಕಪ್ಪು ಬಿಳಿಯಾಗುತ್ತದೆ, ಯಾವುದು ಕಪ್ಪಾಗಿಯೇ ಉಳಿಯುತ್ತದೆ ಎಂಬುದು ಟೈಲರಮ್ಮನಿಗೆ ಬೆರಳ ತುದಿಯಲ್ಲಿದೆ. ಬಟ್ಟೆಯ ತುಂಡನ್ನು ಹೆಬ್ಬೆರಳಿನಿಂದ ಉಜ್ಜಿ ಹೇಳಿಬಿಡುತ್ತಾರೆ. ಇನ್ನೂರ ಹದಿನಾಲ್ಕು ಮಾದರಿ ತುಂಡುಗಳನ್ನು ಅಂಟಿಸಿದ ದಪ್ಪ ಪುಸ್ತಕವೊಂದು ಅವರ ಮೇಜಿನ ಮೇಲಿದೆ. ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ಮೊದಲ ವಾರದ ಪಾಠ ಅದೇ.

ಇದೇ ಆವರಣದಲ್ಲಿ ಇನ್ನೂ ಎರಡು ಕಟ್ಟಡಗಳಿವೆ. ಒಂದರಲ್ಲಿ ಅರೆವಾಹಕಗಳ ಭೌತವಿಜ್ಞಾನ, ಇನ್ನೊಂದರಲ್ಲಿ ರೋಗ ನಿಯಂತ್ರಣ. ಭೌತವಿಜ್ಞಾನದವರ ಧೂಳು ನುಸುಳದ ನಿಲುವಂಗಿ ಹರಿದರೂ, ರೋಗ ನಿಯಂತ್ರಣದವರ ಸೊಳ್ಳೆ ಪಂಜರದ ಬಲೆ ಕಿತ್ತರೂ ಬರುವುದು ಈ ಮೆಟ್ಟಿಲ ಕೆಳಗಿನ ಕೋಣೆಗೇ. “ಒಂದು ಕಡೆ ಧೂಳು ಒಳಗೆ ಹೋಗಬಾರದು, ಇನ್ನೊಂದು ಕಡೆ ಸೊಳ್ಳೆ ಹೊರಗೆ ಬರಬಾರದು. ಹೊಲಿಗೆ ಮಾತ್ರ ಎರಡಕ್ಕೂ ಒಂದೇ,” ಎಂದು ನಗುತ್ತಾರೆ.

ಇಲ್ಲಿಗೆ ಬರುವ ಮುಂಚೆ ಅವರು ಮಳೆಕೋಟು ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅದು ಒಂದು ಮುಂಜಾನೆ ಬಾಗಿಲು ತೆರೆಯಲೇ ಇಲ್ಲ. ಅದೇ ವರ್ಷ, ಇಪ್ಪತ್ತೆರಡು ವರ್ಷ ಊರ ಬಸ್ಸು ಓಡಿಸಿದ್ದ ಗಂಡನ ದೃಷ್ಟಿ ಮಂಜಾಯಿತು. ಕಣ್ಣಿನ ಪರೀಕ್ಷೆಯಲ್ಲಿ ಎರಡನೇ ಸಾಲಿಗೇ ಅವರು ತಡವರಿಸಿದರು. ಚಾಲಕನ ಸೀಟು ಹೋಯಿತು. ಮಗಳು ಆಗ ಒಂಬತ್ತನೇ ತರಗತಿ. ಮನೆಯಲ್ಲಿ ಅತ್ತೆ. “ಆ ವರ್ಷ ನಮ್ಮನೇಲಿ ಯಾರೂ ಜೋರಾಗಿ ಮಾತಾಡ್ತಿರಲಿಲ್ಲ,” ಎಂದಷ್ಟೇ ಹೇಳಿ ಟೈಲರಮ್ಮ ಆ ಮಾತು ಮುಗಿಸುತ್ತಾರೆ. ಹರಿದ ಬೊಂಬೆಯೊಂದಕ್ಕೆ ತೇಪೆ ಹಾಕಲು ಎರಡು ದಿನಕ್ಕೆಂದು ಕರೆಸಿಕೊಂಡ ಈ ಕೇಂದ್ರದವರು ಅವರನ್ನು ಮತ್ತೆ ಕಳಿಸಲಿಲ್ಲ.

ಅವರು ದೊಡ್ಡದೊಂದು ಕೆಲಸ ಮಾಡಿದ್ದು ಹೋದ ವರ್ಷ.

ಊರಿನ ಹದಿನೆಂಟು ಬಸ್ಸುಗಳಿಗೆ ತಾನಾಗಿ ಬ್ರೇಕು ಹಾಕುವ ಕಣ್ಣು ಕೂಡಿಸುವುದೆಂದು ತೀರ್ಮಾನವಾಗಿತ್ತು. ಒಂದು ಸೋಮವಾರ ತಪಾಸಣಾಧಿಕಾರಿಗಳು ಬರುವವರಿದ್ದರು. ಅವರ ಪಟ್ಟಿಯಲ್ಲಿ ಒಂಬತ್ತು ಬಗೆಯ ಪಾದಚಾರಿಗಳು. ನಡೆಯುವವರು, ಓಡುವವರು, ಮಗುವಿನ ಕೈ ಹಿಡಿದವರು, ಹೀಗೆ. ಎಂಟು ದಿನ ಮುಂಚೆ, ರಾತ್ರಿಯೂಟಕ್ಕೆ ಕುಳಿತಾಗ ಟೈಲರಮ್ಮ ಆ ಪಟ್ಟಿಯನ್ನು ಗಂಡನಿಗೆ ಓದಿ ಹೇಳಿದರು.

ಗಂಡ ಕೇಳಿದರು. “ಬಗ್ಗಿದೋರು ಯಾರೂ ಇಲ್ವಾ?”

“ಅಂದ್ರೆ?”

“ಎದುರು ಬಿಸಿಲಲ್ಲಿ ಬಗ್ಗಿ ನಡೆಯೋರು ಕಾಣೋದೇ ಇಲ್ಲ ಕಣೇ. ಅವರೂ ಗಾಡಿ ನೋಡಲ್ಲ, ನೆಲ ನೋಡ್ತಾರೆ. ನಾನು ಒಂದ್ಸಲ ಒಬ್ಬ ಅಜ್ಜೀನ ಕಲ್ಲು ಅಂದ್ಕೊಂಡೆ. ಕೊನೇ ಗಳಿಗೇಲಿ ಕಲ್ಲು ಕೈ ಎತ್ತಿತು.”

ಇಷ್ಟು ವರ್ಷಗಳಲ್ಲಿ ಅವರು ಈ ಸಂಗತಿಯನ್ನು ಮನೆಯಲ್ಲಿ ಹೇಳಿದ್ದು ಅದೇ ಮೊದಲು. ಪಕ್ಕದಲ್ಲೇ ಅವರ ತಾಯಿ, ಎಂಬತ್ತೊಂದು ವರ್ಷದವರು, ಸೊಂಟದಿಂದ ಮುಂದಕ್ಕೆ ಪೂರಾ ಬಾಗಿ ಕುಳಿತು ಊಟ ಮಾಡುತ್ತಿದ್ದರು. ಟೈಲರಮ್ಮ ಅತ್ತೆಯನ್ನು ನೋಡಿದರು. ದಿನಾ ಬೆಳಿಗ್ಗೆ ಬೆನ್ನ ಮೇಲೆ ಗಂಟು ಹೊತ್ತು, ಬಟ್ಟೆ ಒಗೆಯುವ ಅಂಗಡಿಯವರೆಗೆ ರಸ್ತೆ ದಾಟಿ ಹೋಗಿಬರುವ ಅತ್ತೆ. ಅದು ಮಾತ್ರ ತನ್ನ ಕೆಲಸ ಎಂದು ಯಾರಿಗೂ ಬಿಟ್ಟುಕೊಡದ ಅತ್ತೆ.

ಮರುದಿನ ಅವರು ತಂಡದ ಮುಖ್ಯಸ್ಥೆಯಾದ ಹಿರಿಯ ವಿಜ್ಞಾನಿಯ ಕೋಣೆಗೆ ಹೋದರು. ವಿಜ್ಞಾನಿ ಕೆಟ್ಟವರಲ್ಲ, ಆದರೆ ತಲೆಯ ಮೇಲೆ ಸೋಮವಾರ ಕುಳಿತಿತ್ತು.

“ಟೈಲರಮ್ಮ, ಪಟ್ಟಿ ನಾವು ಮಾಡಿದ್ದಲ್ಲ. ಅದರಲ್ಲಿ ಇಲ್ಲದ್ದನ್ನ ಪರೀಕ್ಷೆ ಮಾಡಿದ್ರೆ ಯಾರೂ ಅಂಕ ಕೊಡಲ್ಲ.”

“ಅಂಕ ಬೇಡ ಮೇಡಂ. ಬಗ್ಗಿ ನಡೆಯೋರೂ ರಸ್ತೇಲಿ ಇರ್ತಾರಲ್ಲ, ಅದಕ್ಕೆ ಹೇಳಿದೆ.”

“ಮುಂದಿನ ವರ್ಷ ನೋಡೋಣ.”

ಟೈಲರಮ್ಮ ವಾದಿಸಲಿಲ್ಲ. ಸಂಜೆ ಮನೆಗೆ ಹೋಗಿ ಟೇಪು ತೆಗೆದು ಅತ್ತೆಯ ಪಕ್ಕ ನಿಂತರು. ಕುತ್ತಿಗೆಯಿಂದ ಸೊಂಟಕ್ಕೆ, ಸೊಂಟದಿಂದ ನೆಲಕ್ಕೆ, ಗದ್ದದಿಂದ ಮಂಡಿಗೆ ಅಳತೆ ಹಿಡಿದರು.

“ಏನೇ ಇದು, ಹೊಸ ಬಟ್ಟೆನಾ?” ಎಂದರು ಅತ್ತೆ, ಮುಖ ಅರಳಿಸಿ.

“ಇಲ್ಲ ಅತ್ತೆ. ಬಸ್ಸಿಗೆ ಗುದ್ದಿಸೋಕೆ.”

ಅತ್ತೆ ಟೇಪಿನ ತುದಿ ಹಿಡಿದು ನೋಡಿದರು. “ಮೂವತ್ತು ವರ್ಷ ಕಾದಿದೀಯಲ್ಲ, ಇನ್ನೆರಡು ವರ್ಷ ಕಾದಿದ್ರೆ ನಾನೇ ಹೋಗ್ತಿದ್ದೆ,” ಎಂದರು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಅತ್ತೆಯೇ ಮತ್ತೆ ಅಳತೆಗೆ ನಿಂತು, “ಸರಿಯಾಗಿ ತಗೋ, ಎಡಗಡೆ ಸ್ವಲ್ಪ ಜಾಸ್ತಿ ವಾಲ್ತೀನಿ ನಾನು,” ಎಂದರು.

ಊಟದ ಬಿಡುವಿನಲ್ಲಿ ಮೂರು ದಿನ ಹೊಲಿಗೆ ನಡೆಯಿತು. ಬೆನ್ನು ಮುರಿದು ಮೂಲೆಗೆ ಬಿದ್ದಿದ್ದ ಹಳೆಯ ಬೊಂಬೆಯೊಂದಕ್ಕೆ ಸೊಂಟದಲ್ಲಿ ಹೊಸ ಮಡಿಕೆ ಕೊಟ್ಟು, ಬೂದು ಬಣ್ಣದ ಉದ್ದ ನಿಲುವಂಗಿ ತೊಡಿಸಿ, ಶಾಲು ಹೊದಿಸಿ, ಬೆನ್ನಿಗೊಂದು ಬಟ್ಟೆಯ ಗಂಟು ಕಟ್ಟಿದರು. ಎಡಗಡೆ ಸ್ವಲ್ಪ ವಾಲಿಸಿದರು.

ಶುಕ್ರವಾರ ಮುಂಜಾನೆ ಕೊನೆಯ ತಾಲೀಮು. ಒಂಬತ್ತಕ್ಕೆ ಒಂಬತ್ತೂ ಪಾಸಾದವು. ಎಂಜಿನಿಯರುಗಳು ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿರುವಾಗ ಟೈಲರಮ್ಮ ಬೊಂಬೆಯನ್ನು ಎತ್ತಿಕೊಂಡು ಬಂದರು.

“ಒಂದೇ ಒಂದ್ಸಲ ಮೇಡಂ. ಪಟ್ಟಿಗೆ ಬೇಡ. ನನ್ನ ಸಮಾಧಾನಕ್ಕೆ.”

ವಿಜ್ಞಾನಿ ಗಡಿಯಾರ ನೋಡಿ, ಬಿಸಿಲು ನೋಡಿ, ನಕ್ಕರು. “ಸರಿ. ಟೈಲರಮ್ಮನ ಸಮಾಧಾನಕ್ಕೆ ಒಂದು.”

ಬಸ್ಸು ಬಂತು. ಹಗ್ಗ ಎಳೆದರು. ಬಾಗಿದ ಬೊಂಬೆ ನಿಧಾನವಾಗಿ ರಸ್ತೆಗೆ ಇಳಿಯಿತು. ಬಸ್ಸು ವೇಗ ತಗ್ಗಿಸಲೇ ಇಲ್ಲ. ನಲವತ್ತಕ್ಕೆ ನಲವತ್ತರಲ್ಲೇ ಗುದ್ದಿ ಮುಂದೆ ಹೋಯಿತು. ಗಂಟು ಒಂದು ಕಡೆ, ಶಾಲು ಒಂದು ಕಡೆ. ಪರದೆ ತೆರೆದು ನೋಡಿದರೆ ಬಸ್ಸಿನ ಗಣಕ ಬೊಂಬೆಯ ಸುತ್ತ ಒಂದು ಚೌಕ ಎಳೆದು ಬರೆದಿತ್ತು: ಗಾಳಿಗೆ ಹಾರಿಬಂದ ಚೀಲ. ಚೀಲಕ್ಕೆಲ್ಲ ನಿಲ್ಲಬೇಡ ಎಂದು ಅದಕ್ಕೆ ಕಲಿಸಿದ್ದವರು ಇದೇ ಎಂಜಿನಿಯರುಗಳು.

ಹಿರಿಯ ವಿಜ್ಞಾನಿ ರಸ್ತೆಯುದ್ದಕ್ಕೂ ನಡೆದು ಹೋಗಿ ಶಾಲನ್ನು ಎತ್ತಿ, ಕೊಡವಿ, ಮಡಚಿ ಟೈಲರಮ್ಮನ ಕೈಗಿತ್ತರು. ಆಮೇಲೆ ಅಲ್ಲೇ ನಿಂತು ಫೋನು ಮಾಡಿದರು. “ಸೋಮವಾರ ಬರಬೇಡಿ. ನಮ್ಮ ಬಸ್ಸು ಪಾಸಾಗಿಲ್ಲ.”

ಆ ದಿನಗಳನ್ನು ನೆನೆದು ಅವರು ಈಗ ಹೇಳುತ್ತಾರೆ, “ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅತಿ ಕಷ್ಟದ ಫೋನು ಅದು. ಅತಿ ಸರಿಯಾದ ಫೋನೂ ಅದೇ. ಅದನ್ನ ನನ್ನ ಕೈಯಲ್ಲಿ ಮಾಡಿಸಿದ್ದು ಟೈಲರಮ್ಮ.”

ಅಂದು ಎಲ್ಲರಿಗೂ ಹಾಗೆ ಅನ್ನಿಸಲಿಲ್ಲ. ಎರಡು ವರ್ಷದ ದುಡಿಮೆ ಬಾಗಿಲ ಹತ್ತಿರ ಬಂದು ಮುಗ್ಗರಿಸಿತ್ತು. ಕೆಲವರು ಮೆಟ್ಟಿಲ ಕೆಳಗಿನ ಕೋಣೆಯ ಮುಂದೆ ಹಾದು ಹೋಗುವಾಗ ಮುಖ ತಿರುಗಿಸಿದರು. ಒಬ್ಬ ಎಂಜಿನಿಯರು ಬಾಗಿಲಲ್ಲಿ ನಿಂತು, “ಇನ್ನು ಮೇಲೆ ಗಣಕಕ್ಕೂ ನೀವೇ ಪಾಠ ಹೇಳ್ಕೊಡಿ ಟೈಲರಮ್ಮ,” ಎಂದು ಕುಟುಕಿದ.

“ಹೇಳ್ಕೊಡೋಣಪ್ಪ. ಮೊದಲು ಅಂಗಿ ಬಿಚ್ಚಿಕೊಡು, ಎರಡನೇ ಗುಂಡಿ ಬಿದ್ದುಹೋಗಿದೆ,” ಎಂದರು ಇವರು. ಗುಂಡಿ ಹಾಕಿಸಿಕೊಂಡು ಹೋದವನು ಮರುದಿನ ಬಂದು ಬಾಗಿದವರ ನಡಿಗೆಯ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿದ. ಮುಂದಿನ ತಿಂಗಳುಗಳಲ್ಲಿ ಬಾಗಿ ನಡೆಯುವ ನಾಲ್ಕು ಸಾವಿರ ಜನರ ಚಿತ್ರಗಳನ್ನು ಅವರವರ ಒಪ್ಪಿಗೆ ಪಡೆದು ಕಲೆಹಾಕಿದವನು ಅವನೇ.

ಚಿತ್ರಗಳಿಂದ ಬಸ್ಸು ಅರ್ಧ ಕಲಿಯಿತು. ಎದುರು ಬಿಸಿಲಿನಲ್ಲಿ ಮಾತ್ರ ಇನ್ನೂ ಎಡವುತ್ತಿತ್ತು. ಆಗ ಕೈಹಿಡಿದದ್ದು ಪಕ್ಕದ ಕಟ್ಟಡದ ಭೌತವಿಜ್ಞಾನಿಗಳು. ಬೆಳಕನ್ನಲ್ಲ, ಮೈಯ ಬಿಸಿಯನ್ನು ನೋಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಅವರು ಮಾಡುತ್ತಿದ್ದರು. ನಿಲುವಂಗಿ ಹೊಲಿಸಿಕೊಳ್ಳಲು ಬಂದ ಅಲ್ಲಿನ ಪ್ರಾಧ್ಯಾಪಕರು ಟೈಲರಮ್ಮನಿಗೆ ಅದನ್ನು ವಿವರಿಸಿದರು: ಎರಡು ಬಗೆಯ ಅರೆವಾಹಕಗಳನ್ನು ಕೂದಲಿಗಿಂತ ಸಾವಿರಾರು ಪಟ್ಟು ತೆಳ್ಳಗೆ ಒಂದರ ಮೇಲೊಂದು ಹಾಸಿ, ನಡುವಿನ ಸಂದಿನಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುತ್ತಾರೆ. ಮೈಬಿಸಿಯ ಕಿರಣ ತಾಗಿದರೆ ಅವು ಸಂದಿನಿಂದ ಹೊರಗೆ ಹಾರುತ್ತವೆ. ಹಾರಿದ್ದನ್ನು ಎಣಿಸಿದರೆ ಚಿತ್ರ ಮೂಡುತ್ತದೆ.

“ಅಂದ್ರೆ ಬಟ್ಟೆ, ಲೈನಿಂಗು, ಬಟ್ಟೆ, ಲೈನಿಂಗು. ಮಧ್ಯದ ಜೇಬಲ್ಲಿ ಸಿಕ್ಕಿಹಾಕ್ಕೊಂಡಿರೋದು ಬಿಸಿ ತಾಗಿದ್ರೆ ಎದ್ದು ಓಡುತ್ತೆ,” ಎಂದರು ಟೈಲರಮ್ಮ.

ಪ್ರಾಧ್ಯಾಪಕರು ಜೇಬಿನಿಂದ ಪೆನ್ನು ತೆಗೆದು, “ಇದನ್ನ ನಾನು ನಾಳೆ ತರಗತೀಲಿ ಹೇಳಬಹುದಾ?” ಎಂದು ಕೇಳಿದರಂತೆ.

ಆದರೆ ಸ್ಪಂಜಿನ ಬೊಂಬೆಗೆ ಮೈಬಿಸಿ ಎಲ್ಲಿಂದ ಬರಬೇಕು? ಮೊದಲ ಸಲ ಮೈತುಂಬ ಬಿಸಿ ತಂತಿ ಹೊಲಿದರು. ಚಿಪ್ಪಿನ ಕಣ್ಣಿಗೆ ಬೊಂಬೆ ಒಲೆಯಂತೆ ಧಗಧಗಿಸಿತು. ಮನುಷ್ಯರು ಹಾಗೆ ಉರಿಯುವುದಿಲ್ಲ. ಟೈಲರಮ್ಮ ಮೂರನೆಯ ಕಟ್ಟಡಕ್ಕೆ ಹೋದರು. ಸಾಂಕ್ರಾಮಿಕ ಜ್ವರ ಹಬ್ಬಿದಾಗ ಬಾಗಿಲಲ್ಲಿ ನಿಂತವರ ಹಣೆಯ ಬಿಸಿ ನೋಡಲೆಂದು ಇಟ್ಟುಕೊಂಡಿದ್ದ ಕ್ಯಾಮೆರಾವನ್ನು ರೋಗ ನಿಯಂತ್ರಣದವರಿಂದ ಒಂದು ದಿನದ ಮಟ್ಟಿಗೆ ಬೇಡಿ ತಂದರು. ಬೆಳಿಗ್ಗೆ ಅತ್ತೆ ಗಂಟು ಹೊತ್ತು ಹೊರಟಾಗ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಚಿತ್ರ ತೆಗೆದರು. ಹಣೆ, ಕುತ್ತಿಗೆ, ಅಂಗೈ ಬಿಸಿ. ಮೂಗಿನ ತುದಿ ತಣ್ಣಗೆ. ಶಾಲಿನ ಕೆಳಗೆ ಬೆನ್ನು ಹೆಚ್ಚುಕಡಿಮೆ ಗಾಳಿಯಷ್ಟೇ ತಣ್ಣಗೆ.

“ಆಗ ಅರ್ಥ ಆಯ್ತು, ಮನುಷ್ಯರ ಬಿಸೀಗೂ ಒಂದು ಕಟಿಂಗು ಇದೆ ಅಂತ.” ಹಣೆಗೆ ಮೂರು ಸಾಲು ತಂತಿ, ಅಂಗೈಗೆ ಎರಡು, ಎದೆಗೆ ಅಗಲವಾಗಿ ಒಂದು, ಬೆನ್ನಿಗೆ ಏನೂ ಇಲ್ಲ. ಬ್ಯಾಟರಿ ಗಂಟಿನೊಳಗೆ. ಹನ್ನೆರಡು ಸಲ ಬಿಚ್ಚಿ, ಹದಿಮೂರನೆಯ ಸಲ ಹೊಲಿದದ್ದು ನಿಂತಿತು. ಬೊಂಬೆಯ ಚಿತ್ರವನ್ನೂ ಅತ್ತೆಯ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಪ್ರಾಧ್ಯಾಪಕರಿಗೂ ಯಾವುದು ಯಾರು ಎಂದು ತಿಳಿಯಲಿಲ್ಲ.

ಆ ಶುಕ್ರವಾರದಿಂದ ಏಳು ತಿಂಗಳಿಗೆ ಮತ್ತೆ ತಪಾಸಣಾಧಿಕಾರಿಗಳು ಬಂದರು. ಆರು ಮುಂಜಾನೆ, ದಿನಕ್ಕೆ ಐವತ್ತು ಓಟ, ಎಲ್ಲವೂ ಬಾಗಿದ ಬೊಂಬೆಯೊಂದಿಗೇ. ಹಿರಿಯ ವಿಜ್ಞಾನಿಯೇ ಹಟ ಹಿಡಿದು ಕೇಳಿಕೊಂಡ ಪರೀಕ್ಷೆ ಅದು. ಮೊದಲ ದಿನ ಐವತ್ತಕ್ಕೆ ಐವತ್ತು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಬಿಸಿಲು ಎಷ್ಟು ಕಣ್ಣು ಕುಕ್ಕುತ್ತಿತ್ತೆಂದರೆ ನೋಡುತ್ತಿದ್ದವರಿಗೇ ಬೊಂಬೆ ಕಾಣಲಿಲ್ಲ, ಬಸ್ಸು ನಿಂತಿತು. ಆರನೆಯ ದಿನಕ್ಕೆ ಬರುವಷ್ಟರಲ್ಲಿ ಇನ್ನೂರೈವತ್ತಾಗಿತ್ತು, ಒಂದೂ ತಪ್ಪಿರಲಿಲ್ಲ.

ಆ ದಿನ ವಿಜ್ಞಾನಿ ಕಾರು ಕಳಿಸಿ ಅತ್ತೆಯನ್ನೂ ಗಂಡನನ್ನೂ ಕರೆಸಿದ್ದರು. ತಡೆಕಂಬಿಯ ಹಿಂದೆ ಕುರ್ಚಿ ಹಾಕಿದರೂ ಅತ್ತೆ ಕೂರಲಿಲ್ಲ. ಕಂಬಿ ಹಿಡಿದು, ಕತ್ತನ್ನು ಕಷ್ಟಪಟ್ಟು ಮೇಲೆತ್ತಿ, ತನ್ನದೇ ಶಾಲಿನಂಥ ಶಾಲು ಹೊದ್ದು ರಸ್ತೆ ದಾಟುತ್ತಿದ್ದ ಬೊಂಬೆಯನ್ನು ನೋಡಿದರು.

“ನಾನು ಅಷ್ಟೊಂದು ಬಗ್ಗಿದೀನಾ?”

ಮಗ ಉತ್ತರ ಕೊಟ್ಟರು. “ಹೂಂ ಅಮ್ಮ. ಆದ್ರೂ ನಿಲ್ತು ನೋಡು.”

ಮುನ್ನೂರನೆಯ ಓಟ. ಬಸ್ಸು ನಿಂತಿತು. ಮೂರು ಹೆಜ್ಜೆ ಜಾಗ ಉಳಿದಿತ್ತು. ಅಧಿಕಾರಿ ಕಾಗದದ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಕಟ್ಟಡಗಳಿಂದ ಜನ ಹೊರಗೆ ಬಂದಿದ್ದರು. ನಿಲುವಂಗಿಯವರು, ಸೊಳ್ಳೆಯವರು, ಕಾವಲುಗಾರರು, ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಡಿ ಹಾಕಿಸಿಕೊಂಡಿದ್ದ ಎಂಜಿನಿಯರು ಬೊಂಬೆಯನ್ನು ಹೆಗಲ ಮೇಲೆ ಹೊತ್ತು ರಸ್ತೆಯುದ್ದಕ್ಕೂ ಮೆರವಣಿಗೆ ಮಾಡಿದ. “ಹುಷಾರು, ಎಡಗೈ ಹೊಲಿಗೆ ಸಡಿಲ ಇದೆ,” ಎಂದು ಟೈಲರಮ್ಮ ಅವನ ಹಿಂದೆ ಓಡಿದರು. ಕಣ್ಣಲ್ಲಿ ನೀರು ಬಂದಿತ್ತೇ ಎಂದು ಕೇಳಿದರೆ, “ಎದುರು ಬಿಸಿಲು,” ಎನ್ನುತ್ತಾರೆ.

ಈಗ ಹದಿನೆಂಟು ಬಸ್ಸುಗಳೂ ಊರಿನಲ್ಲಿ ಓಡುತ್ತಿವೆ. ತಪಾಸಣಾ ಪಟ್ಟಿಗೆ ಹತ್ತನೆಯ ಸಾಲು ಸೇರಿದೆ: ಬಾಗಿ ನಡೆಯುವ ವ್ಯಕ್ತಿ, ಬೆನ್ನ ಮೇಲೆ ಹೊರೆ. ಎಂಜಿನಿಯರುಗಳು ತಮ್ಮತಮ್ಮಲ್ಲಿ ಅದನ್ನು ಕರೆಯುವುದು ‘ಅತ್ತೆ ಪರೀಕ್ಷೆ’ ಎಂದು. ಬೊಂಬೆಗೆ ಬಿಸಿ ಹೊಲಿಯುವ ವಿಧಾನದ ಬಗ್ಗೆ ಬಂದ ಸಂಶೋಧನಾ ಪ್ರಬಂಧದಲ್ಲಿ ಲೇಖಕರು ಐವರು. ನಾಲ್ವರ ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ಐದನೆಯವರ ವಿದ್ಯಾರ್ಹತೆ ಏನು ಎಂದು ಪತ್ರಿಕೆಯವರು ಕೇಳಿದಾಗ ಹಿರಿಯ ವಿಜ್ಞಾನಿ ಬರೆದು ಕಳಿಸಿದ್ದು ಮೂರೇ ಪದ: ಹೊಲಿಗೆ, ಮೂವತ್ತೆಂಟು ವರ್ಷ. ಅದು ಹಾಗೆಯೇ ಅಚ್ಚಾಯಿತು. ಆ ಪುಟವನ್ನು ಮಗಳು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾಳೆ. ಗಂಡ ವಾರಕ್ಕೊಮ್ಮೆ ಅದೇ ಬಸ್ಸಿನ ಮುಂದಿನ ಸೀಟು ಹಿಡಿದು ಊರು ಸುತ್ತಿ ಬಂದು, ಬ್ರೇಕು ಸ್ವಲ್ಪ ಜೋರಾಯಿತು ಎಂದು ಹೆಂಡತಿಗೆ ದೂರು ಹೇಳುತ್ತಾರೆ.

ನಿವೃತ್ತಿಗೆ ಇನ್ನು ಮೂರು ವರ್ಷ. ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಟೈಲರಮ್ಮ ಮೇಜಿನ ಖಾನೆಯಿಂದ ಸಣ್ಣ ನೋಟುಬುಕ್ಕು ತೆಗೆಯುತ್ತಾರೆ. ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ಕಂಡವರನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಏಣಿ ಹೊತ್ತ ಬಣ್ಣದವನು. ಊರುಗೋಲಿನ ಮೇಲೆ ತೂಗಾಡುತ್ತಾ ದಾಟುವ ಅಂಚೆಯಣ್ಣ. ರಸ್ತೆ ಮಧ್ಯದಲ್ಲಿ ಕುಕ್ಕರಗಾಲಲ್ಲಿ ಕುಳಿತು ಗುಂಡಿ ಮುಚ್ಚುವ ಕೆಲಸಗಾರ್ತಿ. ಪಟ್ಟಿಯ ಪಕ್ಕದಲ್ಲಿ ಅಂದಾಜು ಅಳತೆ.

“ಹನ್ನೊಂದು ಜನ ಬಾಕಿ ಇದಾರೆ,” ಎನ್ನುತ್ತಾರೆ ಸೂಜಿಗೆ ದಾರ ಪೋಣಿಸುತ್ತಾ. “ಅವರನ್ನೆಲ್ಲ ರಸ್ತೆ ದಾಟಿಸಿ ಆಮೇಲೆ ಮನೆಗೆ ಹೋಗ್ತೀನಿ.”